ಬಾವಲಿಯ ಕಣ ಬಾಗಿಲು ತೆರೆಯಿತು

ಮಗನೇ,

ಬಾವಲಿಯ ಜೀವಕಣ ಸಾಕುವುದೂ ಒಂದು ಕೆಲಸವೇ ಎಂದು ಹೆತ್ತ ಮಗಳನ್ನೇ ಆಡಿಕೊಂಡೆಯಲ್ಲ, ನಿನ್ನ ನಾಲಿಗೆಗೆ ಬರೆ ಹಾಕಬೇಕು. ಕಣದ ಮೈಮೇಲೆ ತಕ್ಕ ಬಾಗಿಲಿದ್ದರೆ ಮಾತ್ರ ಕೊರೊನಾ ವೈರಸ್ಸು ಒಳಹೊಗುತ್ತದಂತೆ. ನಿನ್ನ ಮಗಳು ಅದನ್ನು ನಾಲ್ಕು ಜಾತಿಯ ಬಾವಲಿಗಳ ಕಣಕ್ಕೆ ಬಿಟ್ಟು ವರ್ಷವಿಡೀ ಕಾದಳು, ಒಂದೂ ತೆರೆಯಲಿಲ್ಲ. ಇಂದು ಐದನೆಯದು ತೆರೆಯಿತು! ವೈರಸ್ಸು ಹೊಕ್ಕ ಕಣಗಳೆಲ್ಲ ಪರದೆಯ ಮೇಲೆ ಹಸಿರಾಗಿ ಮಿನುಗಿದವು. ಅವಳ ಪ್ರಯೋಗಾಲಯದ ಗಾಜಿನಾಚೆ ನಿಂತು ನಾನೂ ಕಣ್ತುಂಬ ನೋಡಿದೆ. ಸಲೀಸಾಗಿ ಹೊಕ್ಕ ಕಡೆಯೇ ಆ ಮಾರಿಯ ತವರು ಇದ್ದೀತಂತೆ.

“ಹಾಗಾದ್ರೆ ತವರು ಸಿಕ್ತೇನೇ?” ಎಂದೆ.

“ಬೀದಿ ಗೊತ್ತಾಯ್ತು ಅಜ್ಜಿ, ಮನೆ ಇನ್ನೂ ಹುಡುಕ್ಬೇಕು” ಎಂದು ನನ್ನನ್ನೆತ್ತಿ ಗಿರ್ರನೆ ತಿರುಗಿಸಿದಳು.

ಮಂಡಿನೋವು ಇಳಿದಿದೆ, ಮಾತ್ರೆ ಕಳಿಸಬೇಡ. ಅವಳು ಮಾತ್ರ ಅಪ್ಪನ ಕಾಗದ ಬಂತೇ ಎಂದು ದಿನಾ ಅಂಚೆಪೆಟ್ಟಿಗೆ ಇಣುಕುತ್ತಾಳೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ‘ಭೇಷ್ ಮಗಳೇ’ ಎಂದು ಸ್ವಂತ ಕೈಯಿಂದ ಬರೆದು ಹಾಕು.

ನಿನ್ನಮ್ಮ