ಟೈಲ್ಸ್ ಹಾಸುವವನ ಮಂಡಿ

ಇವಳೇ,

ನೀನು ಮಣ್ಣಾಗಿ ಮೂರು ವರ್ಷವಾಯಿತು, ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಮೇಸ್ತ್ರಿಯ ಮಂಡಿಚಿಪ್ಪು ಒಡೆದು ಬಂದೆ.

ಕಂಡವರ ಮನೆ ಹೊಳೆಯಲೆಂದು ನಲವತ್ತು ವರ್ಷ ಮಂಡಿಯೂರಿ ಟೈಲ್ಸ್ ಹಾಸಿದವನು ನಾನು. ಇವತ್ತು ಏಳಲು ಹೋದರೆ ಎರಡೂ ಮಂಡಿ ಬಿಗಿದುಕೊಂಡವು. ದನದ ಹಾಗೆ ನಾಲ್ಕು ಕಾಲಲ್ಲೇ ಉಳಿದೆ. "ಏನಜ್ಜ, ನಿನ್ನನ್ನೂ ಸೇರಿಸಿ ಸಿಮೆಂಟ್ ಹಾಕಿಬಿಡಲಾ?" ಎಂದು ಮೇಸ್ತ್ರಿ ಬೂಟುಗಾಲಲ್ಲಿ ಸೊಂಟಕ್ಕೆ ಒದ್ದ. ಇದ್ದಲ್ಲಿಂದಲೇ ಸುತ್ತಿಗೆ ಬೀಸಿದೆ. ಚಿಪ್ಪು ಒಡೆದ ಸದ್ದು ಎಲ್ಲರಿಗೂ ಕೇಳಿಸಿತು. "ಈಗ ನೀನು ಏಳೋ ನೋಡೋಣ, ನನ್ಮಗನೇ" ಎಂದೆ.

ಜೊತೆಗಾರರು "ಭೇಷ್!" ಎನ್ನುತ್ತ ನನ್ನನ್ನು ಹೊತ್ತು ತಂದು ಮನೆಯಲ್ಲಿ ಬಿಟ್ಟರು. ಪೊಲೀಸರು ಬರುವಷ್ಟರಲ್ಲಿ ಮಂಡಿಗೆ ಏನಾದರೂ ಸುತ್ತಿಕೊಳ್ಳೋಣವೆಂದು ನಿನ್ನ ಟ್ರಂಕು ತೆರೆದೆ. ಹಳೇ ಕಂಬಳಿ ಮಡಚಿ ನನ್ನ ಮಂಡಿಗೆಂದು ನೀನು ಹೊಲಿದಿದ್ದ ಎರಡು ಪಟ್ಟಿ ಅಲ್ಲೇ ಇದ್ದವು. "ಗಂಡಸು ದಿಂಬು ಕಟ್ಕೊಂಡು ಕೆಲಸಕ್ಕೆ ಹೋಗ್ಬೇಕೇನೇ?" ಎಂದು ಅವನ್ನು ನಿನ್ನ ಮುಖಕ್ಕೆಸೆದು, ನೀನು ಬಿದ್ದ ಮೇಲೂ ಒದ್ದಿದ್ದೆ. ನೀನು ಎತ್ತಿಟ್ಟಿದ್ದೀಯ.

ಈಗ ಕಟ್ಟಿಕೊಂಡು ಕೂತಿದ್ದೇನೆ. ಒಂದು ಬೆರಳೂ ಹೆಚ್ಚುಕಮ್ಮಿಯಿಲ್ಲ. ನನ್ನನ್ನು ಕೇಳುವ ಧೈರ್ಯ ನಿನಗೆಲ್ಲಿತ್ತು? ನಾನು ನಿದ್ದೆ ಹೋದ ಮೇಲೆ ಅಳತೆ ತೆಗೆದುಕೊಂಡಿರಬೇಕು.