ಎರ್ತಾಯನ ಮೀನುಗಳಿಗೆ ಬಿದ್ದ ರವೆ

ತೆಮಿರ್ತಾವ್,
16 ಫೆಬ್ರವರಿ 1997, ಭಾನುವಾರ

ಮಗಳೇ ಕಂಶಾತ್,

ನಿನ್ನ ಮಾವ ಕಾಬ್ದೆನ್ ಮಾಡುವ ಆಶೀರ್ವಾದ. ನೀನು ಹೇಗಿದ್ದೀ? ಪುಟ್ಟ ಮರಾಲ್ ಹೇಗಿದ್ದಾಳೆ? ಹಾಲಿನ ಕೆನೆ ಕಂಡರೆ ಇನ್ನೂ ಮುಖ ತಿರುಗಿಸುತ್ತಾಳೆಯೇ, ಅಥವಾ ಅಜ್ಜಿಯ ಊರಿನ ಹಾಲು ರುಚಿಸಿತೇ? ನಿನ್ನ ತಾಯಿಯವರ ರಕ್ತದೊತ್ತಡ ಇಳಿಯಿತೇ? ಅವರ ಹಸು ಕರು ಹಾಕುವ ದಿನ ಹತ್ತಿರ ಬಂದಿರಬೇಕು. ಕಿಝಿಲೊರ್ದಾದಲ್ಲಿ ಚಳಿ ಇಲ್ಲಿನಷ್ಟು ಇರಲಾರದು ಎಂದುಕೊಂಡು ಸಮಾಧಾನಪಡುತ್ತೇನೆ. ಇಲ್ಲಿ ಮನೆ ಕಾಯಿಸುವ ಬಿಸಿನೀರಿನ ಕೊಳವೆ ಮುಟ್ಟಿದರೆ ಬೆಕ್ಕಿನ ಕಿವಿಯಷ್ಟು ಬೆಚ್ಚಗಿರುತ್ತದೆ, ಅಷ್ಟೇ. ನಿನ್ನ ಅತ್ತೆಯ ಮೊಣಕಾಲು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನನ್ನ ಕಣ್ಣಿನ ಪೊರೆ ದಪ್ಪವಾಗಿದೆ, ಅದಕ್ಕೇ ಅಕ್ಷರ ಇಷ್ಟು ದೊಡ್ಡದು. ನಿನ್ನ ಮೈದುನ ಸಗಿಂದಿಕ್ ಟ್ರಾಮ್ ಡಿಪೋದಲ್ಲೇ ಇದ್ದಾನೆ, ಕೈಗೆ ಗ್ರೀಸು ಹಚ್ಚಿಕೊಂಡೇ ಮನೆಗೆ ಬರುತ್ತಾನೆ.

ಹೊಸವರ್ಷಕ್ಕೆ ಅಂಚೆ ಕಚೇರಿಯಿಂದ ಫೋನ್ ಮಾಡಿದಾಗ ನೀನು ಮೊದಲು ಕೇಳಿದ್ದು, "ಮೀನು ಹೇಗಿವೆ ಮಾವಾ?" ಎಂದು. ನಾನು ಚೆನ್ನಾಗಿವೆ ಎಂದೆ. ಹಿಂದೆ ಸಾಲು ನಿಂತಿತ್ತು, ಎಲ್ಲರ ಕಿವಿಯೂ ನನ್ನ ಬೆನ್ನಿಗೆ ಅಂಟಿತ್ತು, ಅಲ್ಲಿ ಬೇರೇನು ಹೇಳಲಿ? ಚೆನ್ನಾಗಿರಲಿಲ್ಲ ಮಗಳೇ. ಎರ್ತಾಯ್ ನಿಮ್ಮಿಬ್ಬರ ಮದುವೆಗೆ ಮೊದಲು ತಾನೇ ಕಬ್ಬಿಣದ ಚೌಕಟ್ಟು ಬೆಸೆದು ಮಾಡಿದ ತೊಟ್ಟಿ ಅದು. ಅವನ ಲಾರಿ ಮಂಜುಗಡ್ಡೆಯ ಮೇಲೆ ಜಾರಿ ಅವನು ಹೋದ ಮೇಲೂ ವರ್ಷವಿಡೀ ಒಂದು ಮೀನೂ ಸಾಯದಂತೆ ನೀನು ನೋಡಿಕೊಂಡೆ. ಅವನ ನೆನಪಿನ ವರ್ಷದ ಊಟ ಮುಗಿಸಿ ತವರಿಗೆ ಹೊರಡುವಾಗ ನನ್ನ ಕೈಗೆ ಮೀನಿನ ಬಲೆ ಕೊಟ್ಟು ಹೋದೆ. ನಿನ್ನ ಬಸ್ಸು ಹೋಗಿ ಸ್ವಲ್ಪ ದಿನಕ್ಕೇ ಶುರುವಾಯಿತು.

ಒಂದು ಬೆಳಗ್ಗೆ ನೋಡುತ್ತೇನೆ, ಹುಲಿಪಟ್ಟೆ ಮೀನುಗಳ ರೆಕ್ಕೆಯ ಮೇಲೆ ಯಾರೋ ರವೆ ಉದುರಿಸಿದ ಹಾಗೆ ಬಿಳಿ ಕಾಳು. ಕಲ್ಲಿಗೆ ಮೈ ಉಜ್ಜುತ್ತಿದ್ದವು, ತುರಿಕೆ ಬಂದ ಕುರಿ ಕಂಬಕ್ಕೆ ಉಜ್ಜಿದ ಹಾಗೆ. ನಿನ್ನ ಅತ್ತೆ ದೃಷ್ಟಿ ಎಂದಳು. ನನ್ನ ಅಕ್ಕ ಬಿಕೆನ್ ಹಿಂದಿನ ವಾರ ಬಂದು ಎಷ್ಟು ಚಂದ ಇವೆ ಎಂದು ಹೊಗಳಿ ಹೋಗಿದ್ದಳಲ್ಲ, ಅವಳದೇ ಕಣ್ಣು ಎಂದು ಒಣಗಿದ ಸೊಪ್ಪು ಸುಟ್ಟು ತೊಟ್ಟಿಗೆ ಮೂರು ಸುತ್ತು ಹೊಗೆ ತೋರಿಸಿದಳು. ಮೀನು ಕೆಮ್ಮಲಿಲ್ಲ, ನಾನು ಕೆಮ್ಮಿದೆ. ಕೆಳಮನೆಯ ಇರ್ಮಾ ಟೀಚರ್ ನಿನಗೆ ಗೊತ್ತಲ್ಲ, ಶಾಲೆಯಲ್ಲಿ ಜೀವಶಾಸ್ತ್ರ ಹೇಳುವವರು, ಮನೆ ತುಂಬ ಮೀನು ಸಾಕಿದವರು. ಅವರನ್ನು ಕರೆದುಕೊಂಡು ಬಂದೆ. ಅವರು ಕನ್ನಡಕ ಮೇಲೆತ್ತಿ ನೋಡಿದವರೇ, "ಮೀನು ಸಾಕೋರೆಲ್ಲ ಇದಕ್ಕೆ ರವೆ ಅಂತಾರೆ. ಕಾಳಲ್ಲ ಇದು, ಹುಳ. ಚರ್ಮದೊಳಗೆ ಕೂತು ತಿಂತಾ ಇದೆ. ನೀರು ನಿಧಾನಕ್ಕೆ ಬೆಚ್ಚಗೆ ಮಾಡಿ, ಉಪ್ಪು ಹಾಕಿ, ಈ ಹಸಿರು ಔಷಧಿ ಹನಿ ಹನಿ ಬಿಡಿ," ಎಂದರು. ಹಾಗೇ ಮಾಡಿದೆ. ವಾರದೊಳಗೆ ರವೆ ಉದುರಿಹೋಯಿತು. ಮೀನಿನ ಮೈ ಕನ್ನಡಿಯ ಹಾಗೆ ಆಯಿತು. ನಾನು ಔಷಧಿ ನಿಲ್ಲಿಸಿ, ನೀರು ಬದಲಾಯಿಸಿ, ಗೆದ್ದೆ ಎಂದುಕೊಂಡೆ.

ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ. ಈ ಸಲ ಕಣ್ಣಿನ ಮೇಲೂ ಇತ್ತು, ಒಂದು ಮೀನು ಸತ್ತೇ ಹೋಯಿತು. ಇರ್ಮಾ ಟೀಚರ್ ನನಗೆ ಶಾಲೆ ಹುಡುಗನಿಗೆ ಬೈದ ಹಾಗೆ ಬೈದರು. "ಕಾಬ್ದೆನ್ ಅವರೇ, ಉದುರಿತು ಅಂದ್ರೆ ಸತ್ತಿತು ಅಂತಲ್ಲ. ಹೊಟ್ಟೆ ತುಂಬಿದ ಮೇಲೆ ತಾನೇ ಕೆಳಗೆ ಬೀಳುತ್ತೆ. ಜಲ್ಲಿಯೊಳಗೆ ಚಿಪ್ಪು ಕಟ್ಕೊಂಡು ಒಂದು ಹೋಗಿ ನೂರಾಗುತ್ತೆ. ಮರಿಗಳು ಹೊರಗೆ ಬಂದು ಮೀನು ಹುಡುಕ್ಕೊಂಡು ಈಜ್ತವಲ್ಲ, ಆಗ ಮಾತ್ರ ಔಷಧಿ ತಾಗೋದು. ನೀವು ಸರಿಯಾಗಿ ಅದೇ ಹೊತ್ತಿಗೆ ನಿಲ್ಲಿಸಿದ್ರಿ." ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮೀನು ಹೊಳೆಯುವುದನ್ನು ನೋಡಿ ನಾನು ಹಿಗ್ಗುತ್ತಿದ್ದೆ, ಅದರ ಅಡಿಯ ಜಲ್ಲಿಯಲ್ಲೇ ಹುಳ ಮರಿ ಹಾಕುತ್ತಿತ್ತು.

ಜಲ್ಲಿಯನ್ನೆಲ್ಲ ತೆಗೆದು ಕುದಿಸಿದೆ. ಕುದಿಸಿದ್ದು ನಿನ್ನ ಅತ್ತೆ ಮಾಂಸ ಬೇಯಿಸುವ ದೊಡ್ಡ ಕಡಾಯಿಯಲ್ಲಿ. ಅವಳು ಬಂದು ಮುಚ್ಚಳ ತೆಗೆದು ನೋಡಿದಳು. "ಹಬ್ಬಕ್ಕೆ ಬಂದೋರಿಗೆ ಇದನ್ನೇ ಬಡಿಸ್ರಿ. ಸಾರು ಗಟ್ಟಿ ಆಗ್ಲಿ," ಎಂದು ಮುಚ್ಚಳ ಕುಕ್ಕಿ ಹೋದಳು. ಹೇಳಬೇಕಾದ್ದು ಇನ್ನೊಂದಿದೆ. ಡಿಸೆಂಬರಿನಲ್ಲಿ, ಔಷಧಿ ಅರ್ಧಕ್ಕೆ ಬಂದಿದ್ದಾಗ, ನಮ್ಮ ಬೀದಿಯ ಕರೆಂಟು ಹೋಯಿತು. ತೊಟ್ಟಿಯ ಹೀಟರ್ ಸತ್ತಿತು, ಕಿಟಕಿಯ ಒಳಗಡೆಯೇ ಹಿಮ ಕಟ್ಟಿತು. ನನ್ನ ಕುರಿತುಪ್ಪಳದ ಕೋಟು ತೊಟ್ಟಿಗೆ ಸುತ್ತಿದೆ. ಗಾಜಿನ ಭರಣಿಗಳಲ್ಲಿ ಬಿಸಿನೀರು ತುಂಬಿ ಒಳಗೆ ತೇಲಿಬಿಟ್ಟೆವು. ಒಂದು ಆರುವಷ್ಟರಲ್ಲಿ ಇನ್ನೊಂದು. "ನನ್ನ ಮೊಣಕಾಲಿಗಿಲ್ಲದ ಕೋಟು ಮೀನಿಗೆ ಬಂತು," ಎಂದು ಗೊಣಗುತ್ತಲೇ ಒಲೆಯ ಮುಂದೆ ನಿಂತು ನೀರು ಕಾಯಿಸಿದವಳು ನಿನ್ನ ಅತ್ತೆಯೇ. ಕೂತುಕೋ ಎಂದರೆ, "ಅವನು ಕೈಯಾರೆ ಮಾಡಿದ್ದು ಅಂತ ಇರೋದು ಇದೊಂದೇ," ಎಂದಳು. ನಾನು ಇನ್ನೊಂದು ಭರಣಿ ಅವಳ ಮುಂದೆ ಹಿಡಿದೆ.

ಕರೆಂಟು ಬಂತು, ಔಷಧಿ ಮುಗಿಸಿದೆ, ಟೀಚರ್ ಹೇಳಿದ್ದಕ್ಕಿಂತ ಹೆಚ್ಚೇ ದಿನ ಹಾಕಿದೆ. ಹೊಸವರ್ಷ ಕಳೆದ ಮೇಲೆ ಮತ್ತೆ ರವೆ. ಈ ಸಲ ಟೀಚರ್ ತೊಟ್ಟಿಯ ಗಿಡ ಒಂದೊಂದೇ ಸರಿಸಿ ನೋಡಿದರು. "ಹೊಸ ಗಿಡ, ಹೊಸ ಮೀನು ಏನಾದ್ರೂ ತಂದ್ರಾ?" ಎಂದರು. ಇಲ್ಲವಲ್ಲ ಎಂದೆ. "ಹಾಗಾದ್ರೆ ಆಕಾಶದಿಂದ ಬೀಳುತ್ತಾ ಇದು?" ಒಂದು ವಿಚಿತ್ರ ಮಾತ್ರ ಗಮನಿಸಿದ್ದೆ. ಸಂಜೆ ಒಂದು ಮೀನು ಮೂಲೆಯಲ್ಲಿ ಪಕ್ಕೆ ತಿರುಗಿಸಿ ಬಿದ್ದಿರುತ್ತಿತ್ತು, ಉಸಿರು ಈಗಲೋ ಆಗಲೋ ಎಂಬಂತೆ. ಎರಡು ಮೂರು ದಿನದಲ್ಲಿ ನೋಡಿದರೆ ಗುಂಪಿನಲ್ಲಿ ಎಲ್ಲವೂ ಚುರುಕಾಗಿ ಓಡಾಡುತ್ತಿದ್ದವು. ಚೇತರಿಸಿಕೊಂಡಿತು ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ನಿನ್ನ ಅತ್ತೆಗೂ ಹೇಳುತ್ತಿದ್ದೆ, ನೋಡು, ನಮ್ಮ ಕಷ್ಟ ವ್ಯರ್ಥವಾಗಲಿಲ್ಲ ಎಂದು. ಪೊರೆ ಬಂದ ಕಣ್ಣಿಗೆ ಪಟ್ಟೆ ಪಟ್ಟೆಯ ಮೀನೆಲ್ಲ ಒಂದೇ.

ಜನವರಿಯ ಒಂದು ಭಾನುವಾರ ಮಸೀದಿಯಿಂದ ಬೇಗ ಬಂದೆ. ಸಗಿಂದಿಕ್ ನನಗಿಂತ ಸ್ವಲ್ಪ ಮುಂಚೆ ಬಂದಿದ್ದ. ಟೋಪಿ ತೆಗೆದಿರಲಿಲ್ಲ, ಬೂಟು ಬಿಚ್ಚಿರಲಿಲ್ಲ, ಹಿಮದ ಹೆಜ್ಜೆ ನೇರ ತೊಟ್ಟಿಯವರೆಗೆ ಹೋಗಿತ್ತು. ಕೋಟಿನ ಗುಂಡಿ ಬಿಚ್ಚಿ, ಅಂಗಿಯೊಳಗೆ ಎದೆಗವಚಿಕೊಂಡಿದ್ದ ಒಂದು ಭರಣಿ ತೆಗೆದ. ಅದರಲ್ಲಿ ಎರಡು ಹುಲಿಪಟ್ಟೆ. ಕರಗಂದಾದ, ಸಾಕುಮೀನೂ ಮಾರುವ ಹಕ್ಕಿಸಂತೆಯಿಂದ, ಆ ಚಳಿಯಲ್ಲಿ, ಅಷ್ಟು ದೂರ ಬಸ್ಸಿನಲ್ಲಿ ಮೈಯ ಕಾವಿನಲ್ಲೇ ಇಟ್ಟುಕೊಂಡು ತಂದಿದ್ದ. ನನ್ನನ್ನು ಕಂಡು ಭರಣಿ ಹಿಡಿದೇ ನಿಂತ. ಅವನ ಎದೆಯ ಮೇಲೆ ಅಂಗಿ ನೆನೆದಿತ್ತು.

"ಇದು ಎಷ್ಟನೇ ಸಲನೋ?" ಎಂದೆ.

"ಅಪ್ಪಾ, ಲೆಕ್ಕ ಇಟ್ಟಿಲ್ಲ," ಎಂದ. "ನೀವು ಏಳೋ ಮುಂಚೆ ಸತ್ತಿದ್ದನ್ನ ತೆಗೀತಿದ್ದೆ. ಸಂತೆಯಿಂದ ಅದೇ ಅಳತೆದು ತಂದು ಬಿಡ್ತಿದ್ದೆ."

ನನಗೆ ಸಿಟ್ಟು ಬಂತು. ಸಂತೆಯ ಮೀನಿನ ಜೊತೆ ಸಂತೆಯ ಹುಳವೂ ಬರುತ್ತದೆಯಲ್ಲ, ನಾವು ಇಷ್ಟು ದಿನ ಒದ್ದಾಡಿದ್ದು ಇದಕ್ಕಾ ಎಂದು ಕೂಗಿದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ. "ಮೊದಲನೇದು ಸತ್ತ ದಿನ ನೀವು ಅದನ್ನ ಅಂಗೈಲಿ ಇಟ್ಕೊಂಡು ಅಣ್ಣನ ಹೆಸರು ಹೇಳಿದ್ರಿ. ಅಮ್ಮ ಅಡುಗೆಮನೇಲಿ ಬಾಗಿಲು ಹಾಕ್ಕೊಂಡ್ಲು. ಇನ್ನೊಂದು ಸಲ ನನ್ನ ಕೈಲಿ ನೋಡೋಕಾಗ್ತಿರಲಿಲ್ಲ. ತೊಟ್ಟಿ ತುಂಬಿದ್ರೆ ನೀವಿಬ್ಬರೂ ಸರಿಹೋಗ್ತೀರ ಅಂದ್ಕೊಂಡೆ."

ಅವನ ಕೈಯಿಂದ ಭರಣಿ ಇಸಿದುಕೊಂಡು ಕೆಳಗೆ ಟೀಚರ್ ಮನೆಗೆ ಹೋದೆ. ಅವರು ಆ ಎರಡನ್ನು ಬೇರೆ ತೊಟ್ಟಿಯಲ್ಲಿ ಬಿಟ್ಟರು, ಅವುಗಳ ಬಾಲದ ಮೇಲೆ ಆಗಲೇ ರವೆ ಇತ್ತು. ಟೀಚರ್ ನಗಲಿಲ್ಲ, ಬೈಯಲೂ ಇಲ್ಲ. ಇಲ್ಲಿನ ಉಳಿದ ಜರ್ಮನರ ಹಾಗೆ ವಸಂತಕ್ಕೆ ಅವರೂ ಜರ್ಮನಿಗೆ ಹೊರಟಿದ್ದಾರೆ, ಮನೆ ತುಂಬ ಕಟ್ಟಿದ ಪೆಟ್ಟಿಗೆ. "ಒಳ್ಳೆ ಹುಡುಗ. ಆದ್ರೆ ಇನ್ನು ಮೇಲೆ ಸಂತೆಗೆ ಕಳಿಸ್ಬೇಡಿ," ಎಂದಷ್ಟೇ ಹೇಳಿದರು.

ಅಂದಿನಿಂದ ಹೊಸದೇನನ್ನೂ ತೊಟ್ಟಿಗೆ ಬಿಟ್ಟಿಲ್ಲ. ನಾನೂ ಸಗಿಂದಿಕನೂ ಸೇರಿ ಜಲ್ಲಿ ಮತ್ತೆ ಕುದಿಸಿದೆವು, ಈ ಸಲ ಹಳೆಯ ಬಕೆಟ್ಟಿನಲ್ಲಿ. ಬಲೆ, ಕೊಳವೆ ಎಲ್ಲ ಒಣಗಿಸಿದೆವು. ಔಷಧಿಯನ್ನು ಮೀನಿನ ಮೈ ನೋಡಿ ನಿಲ್ಲಿಸದೆ ಪೂರ್ತಿ ಹಾಕಿದೆವು. ನಡುವೆ ಮೀನು ಸತ್ತವು. ಸತ್ತದ್ದನ್ನು ನಾನೇ ತೆಗೆದೆ, ನಿನ್ನ ಅತ್ತೆಗೂ ತೋರಿಸಿದೆ. ಅವಳು ನೋಡಿದಳು, ಅತ್ತಳು, ಆಮೇಲೆ ಹಿಟ್ಟು ನಾದಿದಳು. ಈಗ ರವೆ ಇಲ್ಲ. ಟೀಚರ್ ದೀಪ ಹಿಡಿದು ನೋಡಿ ಇಲ್ಲ ಎಂದಿದ್ದಾರೆ. ಉಳಿದ ಮೀನುಗಳಲ್ಲಿ ಎರ್ತಾಯ್ ಕಾಲದವು ಯಾವುವು, ಸಂತೆಯವು ಯಾವುವು ಎಂದು ನನಗೆ ಹೇಳಲು ಬರುವುದಿಲ್ಲ, ಸಗಿಂದಿಕನಿಗೂ ಬರುವುದಿಲ್ಲ. ಎಲ್ಲಕ್ಕೂ ಒಂದೇ ಕೈಯಿಂದ ಕಾಳು ಹಾಕುತ್ತೇನೆ. ತೊಟ್ಟಿ ಖಾಲಿ ಖಾಲಿ ಕಾಣುತ್ತದೆ. ಕಾಣಲಿ.

ಮರಾಲಳ ಕೆನ್ನೆಯ ಎರಡೂ ಕಡೆ ಮುತ್ತು ಕೊಡು. ನಿನ್ನ ತಾಯಿಯವರಿಗೆ ನನ್ನ ಸಲಾಂ ತಿಳಿಸು. ನಿನ್ನ ಅತ್ತೆ ಒಣ ಗಿಣ್ಣಿನ ಪೊಟ್ಟಣ ಕೊಟ್ಟಿದ್ದಾಳೆ, ಮರಾಲ್‌ಗೆ ಒಂದೊಂದೇ ಕೊಡು, ಉಪ್ಪು ಜಾಸ್ತಿ. ನಿನ್ನ ದಾರಿ ಬೆಳಕಾಗಿರಲಿ, ಹೊಸ್ತಿಲಲ್ಲಿ ಒಳ್ಳೆಯವರೇ ಕಾಲಿಡಲಿ.

ನಿನ್ನ ಮಾವ,
ಕಾಬ್ದೆನ್

ಮರೆತದ್ದು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ದಕ್ಷಿಣದ ರೈಲಿನಲ್ಲಿ ಪರಿಚಯದವರೊಬ್ಬರು ಈ ಕಾಗದ ಒಯ್ಯುತ್ತಾರೆ, ಸಗಿಂದಿಕ್ ಕೋಟು ಹಾಕಿ ಬಾಗಿಲಲ್ಲಿ ನಿಂತಿದ್ದಾನೆ. ಬೇಗ ಹೇಳುತ್ತೇನೆ. ಹೋದ ಭಾನುವಾರ ಉಪವಾಸದ ಹಬ್ಬಕ್ಕೆ ಬಂದ ಬಿಕೆನ್ ಎಲ್ಲರೆದುರು ಮಾತೆತ್ತಿದಳು. "ತಮ್ಮಾ, ವರ್ಷ ತುಂಬಿತು. ಅಣ್ಣ ಹೋದ್ರೆ ಕಟ್ಕೊಳ್ಳೋಕೆ ತಮ್ಮ ಇದ್ದಾನೆ. ಸೊಸೆ ಹೊರಗೆ ಹೋಗ್ಬಾರದು, ಮೊಮ್ಮಗಳು ಬೇರೆಯವರ ಮನೇಲಿ ಬೆಳೀಬಾರದು. ಹಿಂದಿನಿಂದ ಬಂದದ್ದು ಇದೇ." ಸಗಿಂದಿಕ್ ನೆಲ ನೋಡುತ್ತಾ ನಿಮ್ಮಿಷ್ಟ ಎಂದ. ಅವನನ್ನು ಒಳಗೆ ಕರೆದು ನಿಜ ಹೇಳು ಎಂದೆ. "ಅಪ್ಪಾ, ಅವರನ್ನ ಅತ್ತಿಗೆ ಅಂತ ಕರೆದ ಬಾಯಿ ಇದು. ನೀವಿಬ್ಬರು ನೆಮ್ಮದಿಯಾಗಿರ್ಬೇಕು ಅಂತ ಹೂಂ ಅಂದೆ," ಎಂದ. ನಾನು ಹೊರಗೆ ಬಂದು ಆಗುವುದಿಲ್ಲ ಎಂದೆ. ಬಿಕೆನ್ ಚಹಾ ಮುಟ್ಟದೆ ಎದ್ದಳು. ನಿನ್ನ ಅತ್ತೆ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ, ಮರಾಲಳ ಹಾಸಿಗೆ ಕೊಡವಿ ಹಾಸಿಟ್ಟಿದ್ದಳು ಪಾಪ. ಗುರುವಾರದ ರೈಲಿಗೆ ಬಿಕೆನ್ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ನಿನ್ನನ್ನು ಕರೆತರಲು ಹೊರಡುತ್ತಾಳೆ. ಕಾಬ್ದೆನ್ ಕಳಿಸಿದ ಎನ್ನುತ್ತಾಳೆ. ನಾನು ಕಳಿಸಿಲ್ಲ. ನಿನಗೆ ಮನಸ್ಸಿಗೆ ಒಪ್ಪಿದವನು ಸಿಕ್ಕರೆ ಒಂದು ಮಾತು ಹೇಳಿ ಕಳಿಸು, ತಂದೆಯ ಜಾಗದಲ್ಲಿ ನಾನು ಬಂದು ಕೂರುತ್ತೇನೆ. ಯಾರೂ ಬೇಡವೆಂದರೆ ಅದೂ ಸರಿ. ಅವರು ಬಂದಾಗ ಬಾಗಿಲು ತೆಗೆ, ದೂರದಿಂದ ಬಂದವರು, ಚಹಾ ಕೊಡು, ಊಟ ಹಾಕು. ಬಟ್ಟೆಗಂಟು ಮಾತ್ರ ಕಟ್ಟಬೇಡ.