ಅಶ್ವಿನಿ ತೋರಿಸುವ ತಟ್ಟೆ

ಗುರುವಾರ, ಆಗಸ್ಟ್ ೧೪. ಪಂಚನಹಳ್ಳಿ.

ಕಣ್ಣು ಮುಚ್ಚಿದರೆ ದೀಪಶ್ರೀಯ ಮುಖವೇ ಬರುತ್ತಿದೆ. ಪಕ್ಕದ ಮನೆಯ ಹುಡುಗಿ, ಪಿಯುಸಿ ಓದುವವಳು, ನಿನ್ನೆ ಬಸ್ಸಿನಲ್ಲಿ ತಲೆಸುತ್ತಿ ಬಿದ್ದಳು. ಕಡೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ. ಮೈಯಲ್ಲಿ ರಕ್ತ ತೀರಾ ಕಡಿಮೆಯಂತೆ.

"ಬೇಸಿಗೆಯಿಂದ ನಿಮ್ಮ ಅಶ್ವಿನಿ ರೀಲ್ಸ್ ನೋಡ್ಕೊಂಡು ಬರೀ ಸೌತೆಕಾಯಿ, ಮೊಳಕೆಕಾಳು ತಿಂತಿದ್ಲು ಕಣಕ್ಕ," ಎಂದಳು ಅವಳ ತಾಯಿ ಪಂಕಜಾಕ್ಷಿ. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದಳು.

ನನ್ನ ಮಗಳು 'ಇದು ನನ್ನ ಇಡೀ ದಿನದ ಊಟ' ಎಂದು ಆ ತಟ್ಟೆ ತೋರಿಸುತ್ತಾಳೆ. ಫೋನ್ ಕೆಳಗಿಟ್ಟ ಮೇಲೆ ಅಡುಗೆಮನೆಗೆ ಬಂದು ಎರಡು ಮುದ್ದೆ ಉಣ್ಣುತ್ತಾಳೆ. ಬಡಿಸುವವಳು ನಾನೇ.

ಇವತ್ತು ಅವಳನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ನಿಲ್ಲಿಸಿ, "ನಿಜ ಹೇಳು," ಎಂದೆ.

"ಅದೆಲ್ಲ ವಿಡಿಯೋಗೆ ಕಣೇ ದೀಪು. ನಾನು ಹೊಟ್ಟೆ ತುಂಬಾ ಉಣ್ತೀನಿ," ಎಂದಳು ಅಶ್ವಿನಿ, ತಲೆ ತಗ್ಗಿಸಿ.

ದೀಪಶ್ರೀ ಅಳಲಿಲ್ಲ, ಸಿಟ್ಟಾಗಲಿಲ್ಲ. "ಮತ್ತೆ ಇಷ್ಟು ಸಣ್ಣಗೆ ಹೆಂಗಿದೀಯಕ್ಕ?" ಎಂದು ಕೇಳಿದಳು.

"ಮೊದ್ಲಿಂದ್ಲೂ ಹಿಂಗೇ ಕಣೇ. ನಮ್ಮಮ್ಮನ್ನ ನೋಡು."

ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮನೆಗೆ ಬಂದವಳೇ ಅಶ್ವಿನಿ ವಿಡಿಯೋಗಳನ್ನೆಲ್ಲ ಅಳಿಸಿದಳು. ಆದರೆ ಬೇರೆಯವರು ಇಳಿಸಿಕೊಂಡು ಹಂಚಿರುವುದನ್ನು ತೆಗೆಯಲು ಬರುವುದಿಲ್ಲವಂತೆ. ದೀಪಶ್ರೀ ಪಕ್ಕದ ಮನೆಯವಳು, ಹೋಗಿ ನಿಜ ಹೇಳಿ ಬಂದೆವು. ಶಿವನಿಯಲ್ಲೋ ಲಿಂಗದಹಳ್ಳಿಯಲ್ಲೋ ಇನ್ಯಾವ ಹುಡುಗಿ ಈಗ ಹಸಿದುಕೊಂಡು ಮಲಗಿದ್ದಾಳೋ, ಅವಳಿಗೆ ಯಾರು ಹೋಗಿ ನಿಜ ಹೇಳುತ್ತಾರೆ?